‘ತಂದೆ ಗೊತ್ತಿಲ್ಲ’ ಎಂದು ಬರೆದ ಪುಟದಿಂದ ಆಚೆಗೆ: ಪೋರ್ಚುಗಲ್ ಚರ್ಚ್ ದಾಖಲೆಗಳಲ್ಲಿ ನಮ್ಮ ಹುಡುಕಾಟ

ನಮ್ಮ ಅತ್ತೆಯ ಅಜ್ಜಿಯ ಅಪ್ಪ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಹಳ ಕಾಲ ಹುಡುಕಿದ ಮೇಲೆ ಈಗ ಗೊತ್ತಾಗಿದೆ. ಈ ದಾರಿಯಲ್ಲಿ ನಾವು ಎಲ್ಲೆಲ್ಲಿ ನಿಂತೆವು, ಯಾವ ಕಾಗದಕ್ಕೆ ಕಾದೆವು, ಯಾವ ಪದ ನೋಡಿ ಗಾಬರಿಯಾದೆವು ಎಂದು ಬರೆದಿಡುತ್ತಿದ್ದೇನೆ. ನಮ್ಮ ಹಿಂದೆ ಬರುವವರಿಗೆ ಸ್ವಲ್ಪ ಸುಲಭವಾಗಲಿ.

ನಾನು ಮದುವೆಯಾಗಿ ಪೋರ್ಚುಗಲ್‌ಗೆ ಬಂದವಳು. ಗಂಡನ ಮನೆಯವರು ಉತ್ತರದ ಮಿನ್ಯು ಸೀಮೆಯವರು, ಬ್ರಾಗಾ ಸುತ್ತಮುತ್ತಲಿನ ಹಳ್ಳಿಯವರು. ಅತ್ತೆಗೆ ವಯಸ್ಸಾಗಿದೆ. ಅವರ ತಾಯಿ ಹುಟ್ಟಿದ್ದು 1916ರಲ್ಲಿ. ಆ ಮಗುವಿಗೆ ಎರಡು ವರ್ಷವಾಗಿದ್ದಾಗ, 1918ರ ಫ್ಲೂ ಜ್ವರದಲ್ಲಿ ಅದರ ತಾಯಿ ತೀರಿಕೊಂಡರು. ಮಗು ಅಪ್ಪನ ಕಡೆಯವರ ಮನೆಯಲ್ಲಿ ಬೆಳೆಯಿತು. ಹಾಗಾಗಿ ಅಮ್ಮನ ಕಡೆಯ ಕಥೆಗಳು ಯಾವುವೂ ನಮ್ಮ ಮನೆಗೆ ಬರಲಿಲ್ಲ. ‘ನನ್ನ ಅಮ್ಮನಿಗೆ ಅವಳ ಅಮ್ಮನ ಮುಖವೇ ಗೊತ್ತಿರಲಿಲ್ಲ. ನಾನು ಸಾಯುವ ಮೊದಲು ಅವಳ ಕಡೆಯವರು ಯಾರು ಅಂತ ತಿಳೀಬೇಕು ಮಗಳೇ’ ಅಂತ ಅತ್ತೆ ಒಮ್ಮೆ ಅಂದರು. ಅಲ್ಲಿಂದ ಶುರುವಾಯಿತು.

ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಅದು ಮನೆಯವರ ಇಚ್ಛೆ. 1886ರಲ್ಲಿ ಹುಟ್ಟಿ 1918ರಲ್ಲಿ ತೀರಿಕೊಂಡವರನ್ನು ‘ಅಜ್ಜಿ’ ಅಂತಲೂ ಅವರ ತಾಯಿಯನ್ನು ‘ಮುತ್ತಜ್ಜಿ’ ಅಂತಲೂ ಕರೆಯುತ್ತೇನೆ.

ಮೊದಲ ಕಾಗದ ಅತ್ತೆಯ ತಾಯಿಯ ಜನನ ಪತ್ರ. ಪೋರ್ಚುಗಲ್‌ನಲ್ಲಿ ಎಲ್ಲರಿಗೂ ಕಡ್ಡಾಯವಾದ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1911ರಲ್ಲಿ. 1910ರ ಅಕ್ಟೋಬರ್ 5ಕ್ಕೆ ರಾಜರ ಆಳ್ವಿಕೆ ಹೋಗಿ ಗಣರಾಜ್ಯ ಬಂತು. ಮರುವರ್ಷ ಫೆಬ್ರುವರಿಯಲ್ಲಿ ನೋಂದಣಿ ಕಾನೂನು ಬಂತು. ಅದಕ್ಕೂ ಹಿಂದೆ ಹುಟ್ಟು, ಮದುವೆ, ಸಾವು ಎಲ್ಲವನ್ನೂ ಬರೆದಿಡುತ್ತಿದ್ದವರು ಊರ ಪಾದ್ರಿಗಳು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮತ್ತು ಮದುವೆ ಬರೆದಿಡುವುದನ್ನು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ 1563ರಲ್ಲೇ ಕಡ್ಡಾಯ ಮಾಡಿತ್ತು. ಅಲ್ಲಿಂದ 1911ರವರೆಗೆ ಬೇಕಾದರೆ ಚರ್ಚ್ ಪುಸ್ತಕ, ಆಮೇಲಿನದು ಬೇಕಾದರೆ ನೋಂದಣಿ ಕಚೇರಿ. ನೂರು ವರ್ಷ ದಾಟಿದ ಜನನ, ಐವತ್ತು ದಾಟಿದ ಮದುವೆ, ಮೂವತ್ತು ದಾಟಿದ ಮರಣದ ಪುಸ್ತಕಗಳು ಕಾನೂನಿನ ಪ್ರಕಾರ ಆರ್ಕೈವ್‌ಗೆ, ಅಂದರೆ ಹಳೆಯ ದಾಖಲೆಗಳನ್ನು ಕಾಪಾಡುವ ಕಚೇರಿಗೆ ಹೋಗಬೇಕು. ಆದರೆ ಎಲ್ಲ ಕಡೆ ಹೋಗಿರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ನಾವು ಹೋದ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು ಬೆಳಿಗ್ಗೆಯಿಂದ ಕೂತೆವು. ನಮ್ಮ ಸರದಿ ಬರುವ ಹೊತ್ತಿಗೆ ಊಟದ ಸಮಯ. ಆಮೇಲೆ ಕೊಟ್ಟ ಪತ್ರ ಒಂದು ಅಚ್ಚುಕಟ್ಟಾದ ಕಂಪ್ಯೂಟರ್ ಹಾಳೆ. ಹೆಸರು, ದಿನಾಂಕ, ಊರು, ತಂದೆ, ತಾಯಿ, ಅಜ್ಜ-ಅಜ್ಜಿಯರು. ‘ತಾಯಿಯ ಕಡೆಯ ಅಜ್ಜ’ ಅನ್ನುವ ಸಾಲಿನ ಮುಂದೆ ಮಾತ್ರ ಏನೂ ಇಲ್ಲ. ಅಳಿಸಿಹೋಗಿತ್ತಾ, ಬರೆದೇ ಇರಲಿಲ್ಲವಾ, ಕೇಳಿದರೆ ಕಿಟಕಿಯ ಆಚೆಯವರಿಗೂ ಗೊತ್ತಿಲ್ಲ.

ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ಪತ್ರದಲ್ಲಿ ಎರಡು ಬಗೆ ಇದೆ. ಒಂದು ಸಾರಾಂಶದ ಪತ್ರ, ಇನ್ನೊಂದು ಮೂಲ ಪುಟದ ಪೂರ್ತಿ ನಕಲು. ವಂಶಾವಳಿಗೆ ಬೇಕಾದದ್ದು ಎರಡನೆಯದು, ‘ಕೋಪಿಯ ಇಂತೆಗ್ರಾಲ್’ ಅಂತ ಕೇಳಬೇಕು. 1976ರ ಸಂವಿಧಾನದ 36ನೇ ವಿಧಿಯಲ್ಲಿ, ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೆ ಯಾವ ತಾರತಮ್ಯವೂ ಕೂಡದು, ಕಾನೂನಾಗಲಿ ಸರ್ಕಾರಿ ಕಚೇರಿಗಳಾಗಲಿ ಹುಟ್ಟಿನ ಬಗ್ಗೆ ಅವಮಾನದ ಪದ ಬಳಸಕೂಡದು ಎಂದು ಬರೆದಿದೆ. ಇದು ಒಳ್ಳೆಯ ಕಾನೂನು, ಅದರ ಬಗ್ಗೆ ನನಗೆ ತುಂಬ ಗೌರವ ಇದೆ. ಸಾರಾಂಶದ ಪತ್ರದಲ್ಲಿ ಹಳೆಯ ಪದಗಳು ಕಾಣುವುದಿಲ್ಲ, ಬರೀ ಖಾಲಿ ಜಾಗ ಕಾಣುತ್ತದೆ. ಆದರೆ ಹುಡುಕುವವರಿಗೆ ಆ ಹಳೆಯ ಪದವೇ ಸುಳಿವು.

ಪೂರ್ತಿ ನಕಲು ಬರಲು ವಾರಗಳೇ ಹಿಡಿದವು. ಬಂದ ಪುಟದಲ್ಲಿ ಅಜ್ಜನ ಜಾಗದಲ್ಲಿ ಒಂದೇ ಪದ ಇತ್ತು: ‘ಇಂಕೋಗ್ನಿತು’, ಗೊತ್ತಿಲ್ಲದವನು. ಜೊತೆಗೆ 1912ರ ಮದುವೆಯ ದಾಖಲೆಯನ್ನೂ ತರಿಸಿದೆವು. ಅದರಲ್ಲಿ ಅಜ್ಜಿಯನ್ನು ‘ಫಿಲ್ಯ ನತುರಾಲ್’, ಅಂದರೆ ಮದುವೆಯ ಹೊರಗೆ ಹುಟ್ಟಿದ ಮಗಳು, ಅಂತ ಬರೆದಿತ್ತು. ಪಕ್ಕದಲ್ಲಿ ತಾಯಿಯ ಹೆಸರು, ‘ಈಗಾಗಲೇ ತೀರಿಕೊಂಡವರು’ ಅನ್ನುವ ಮಾತು, ಅವರು ಕೊನೆಗಾಲದಲ್ಲಿ ಇದ್ದ ಊರು. ತಂದೆಯ ಬಗ್ಗೆ ಮತ್ತೆ ಅದೇ ‘ಪಾಯ್ ಇಂಕೋಗ್ನಿತು’.

ಅತ್ತೆಯ ತಮ್ಮ, ಅಂದರೆ ನನ್ನ ಗಂಡನ ಸೋದರಮಾವ, ಆ ಹಾಳೆ ನೋಡಿ ಮೇಜಿನ ಮೇಲೆ ಮಗುಚಿ ಇಟ್ಟರು. ‘ಸಾಕು ಬಿಡಿ ಅಕ್ಕ, ಸತ್ತವರ ಮಾನ ಯಾಕೆ ತೆಗೀತೀರಿ’ ಅಂದರು. ಅತ್ತೆ ಏನೂ ಹೇಳಲಿಲ್ಲ. ರಾತ್ರಿ ಊಟ ಮಾಡಲಿಲ್ಲ. ನನಗೂ ಕಷ್ಟವಾಯಿತು. ಸೊಸೆಯಾಗಿ ಬಂದವಳು ಮನೆಯ ಗುಟ್ಟು ಕೆದಕುತ್ತಿದ್ದೇನಾ ಅನ್ನಿಸಿತು. ಎರಡು ದಿನ ಬಿಟ್ಟು ಅತ್ತೆಯೇ ಬಂದು, ‘ಆ ಪದಕ್ಕೆ ಆಗಿನ ಕಾಲದಲ್ಲಿ ಏನು ಅರ್ಥ ಇತ್ತು ಅಂತ ಮೊದಲು ನೋಡು, ಆಮೇಲೆ ಬೇಜಾರು ಮಾಡಿಕೊಳ್ಳೋಣ’ ಅಂದರು.

ನೋಡಿದೆ. ನಿಮಗೂ ಇದು ಮುಖ್ಯ. ಆಗ ಪಾದ್ರಿಗಳು ಮನಸ್ಸಿಗೆ ಬಂದ ಹಾಗೆ ಬೈಗುಳ ಬರೆಯುತ್ತಿರಲಿಲ್ಲ. ಒಂದೊಂದು ಪದಕ್ಕೂ ಕಾನೂನಿನ ತೂಕ ಇತ್ತು.

‘ನತುರಾಲ್’ ಅಂದರೆ, ಮಗು ಹುಟ್ಟುವಾಗ ತಂದೆ ತಾಯಿಗೆ ಮದುವೆ ಆಗಿರಲಿಲ್ಲ, ಆದರೆ ಬೇಕೆಂದರೆ ಆಗಲು ಅಡ್ಡಿ ಏನೂ ಇರಲಿಲ್ಲ. ಇಬ್ಬರೂ ಒಂಟಿಗಳು. 1603ರ ಫಿಲಿಪ್ ರಾಜರ ಕಾನೂನು ಸಂಹಿತೆಯಲ್ಲಿ ಸಾಮಾನ್ಯ ಜನರ ಇಂಥ ಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಉಳಿದ ಮಕ್ಕಳ ಜೊತೆ ಪಾಲು ಇತ್ತು. ಕುಲೀನರ ಮನೆಯಲ್ಲಿ ಮಾತ್ರ ಇರಲಿಲ್ಲ. ‘ಇಶ್ಪೂರಿಯು’ ಅಂದರೆ ತಂದೆ ತಾಯಿ ಮದುವೆಯಾಗಲು ಸಾಧ್ಯವೇ ಇರಲಿಲ್ಲ: ಒಬ್ಬರಿಗೆ ಆಗಲೇ ಮದುವೆಯಾಗಿತ್ತು, ಅಥವಾ ಹತ್ತಿರದ ರಕ್ತಸಂಬಂಧ, ಅಥವಾ ತಂದೆ ಪಾದ್ರಿ. ಅಂಥ ಮಕ್ಕಳಿಗೆ ಕಾನೂನು ಬಹಳ ಕಠಿಣವಾಗಿತ್ತು. 1867ರ ನಾಗರಿಕ ಸಂಹಿತೆಯೂ ಪರಸಂಗದಲ್ಲಿ ಹುಟ್ಟಿದವರನ್ನು ಮಗು ಎಂದು ಒಪ್ಪಿಕೊಳ್ಳಲು ಬಿಡಲಿಲ್ಲ. ತಂದೆ ಯಾರು ಎಂದು ಕೋರ್ಟಿನಲ್ಲಿ ಹುಡುಕಿಸುವುದಕ್ಕೂ ಅದರಲ್ಲಿ ಕೆಲವೇ ಸಂದರ್ಭ ಬಿಟ್ಟರೆ ಅವಕಾಶ ಇರಲಿಲ್ಲ. 1910ರ ಡಿಸೆಂಬರ್ 25ರಂದು ಬಂದ ಮಕ್ಕಳ ರಕ್ಷಣೆಯ ಕಾನೂನು ಈ ಬಾಗಿಲನ್ನು ಸ್ವಲ್ಪ ತೆರೆಯಿತು. ‘ಇಲೆಜಿತಿಮು’ ಅನ್ನುವುದು ಇವೆಲ್ಲಕ್ಕೂ ಸೇರಿ ಹೇಳುವ ಒಟ್ಟು ಪದ. ‘ಪೆರ್ಫಿಲ್ಯಾದು’ ಅಂತ ಕಂಡರೆ ತಂದೆ ಬಂದು ಕಾಗದದ ಮೇಲೆ ಒಪ್ಪಿಕೊಂಡಿದ್ದಾನೆ ಎಂದು ಅರ್ಥ. ‘ಲೆಜಿತಿಮಾದು’ ಅಂತ ಕಂಡರೆ ಸಾಮಾನ್ಯವಾಗಿ ತಂದೆ ತಾಯಿ ಆಮೇಲೆ ಮದುವೆಯಾಗಿದ್ದಾರೆ. ತೀರಾ ಹಳೆಯ ಕಾಲದಲ್ಲಾದರೆ ರಾಜನಿಂದಲೂ ಸಕ್ರಮ ಪತ್ರ ತರಿಸಿಕೊಳ್ಳುತ್ತಿದ್ದರು. ಅವು ಲಿಸ್ಬನ್‌ನ ತೋರ್ರೆ ದು ತೋಂಬು ಆರ್ಕೈವ್‌ನಲ್ಲಿ ಇವೆ.

‘ತಂದೆ ಗೊತ್ತಿಲ್ಲ’ ಅನ್ನುವ ಮಾತಿದೆಯಲ್ಲ, ಅದನ್ನು ಅಕ್ಷರಶಃ ನಂಬಬೇಡಿ. ಊರಿಗೆಲ್ಲ ಗೊತ್ತಿರುತ್ತಿತ್ತು. 1614ರ ರೋಮನ್ ಪೂಜಾವಿಧಿಯ ಪುಸ್ತಕದಲ್ಲೇ ಪಾದ್ರಿಗಳಿಗೆ ಸೂಚನೆ ಇದೆ: ಮಗು ಮದುವೆಯಿಂದ ಹುಟ್ಟಿದ್ದಲ್ಲವಾದರೆ, ತಂದೆ ತಾಯಿಯಲ್ಲಿ ಯಾರ ಬಗ್ಗೆ ಖಚಿತವಾಗಿ ಗೊತ್ತಿದೆಯೋ ಅವರ ಹೆಸರು ಬರೆಯಿರಿ, ಆದರೆ ಯಾರ ಮರ್ಯಾದೆಗೂ ಕುಂದು ಬರುವ ಹಾಗೆ ಬರೆಯಬೇಡಿ. ತಾಯಿ ಯಾರು ಅನ್ನುವುದು ಕಣ್ಣೆದುರಿಗೆ ಇರುತ್ತಿತ್ತು. ತಂದೆ ತಾನಾಗಿ ಮುಂದೆ ಬರದಿದ್ದರೆ ಹೆಸರು ಬಿಟ್ಟುಬಿಡುತ್ತಿದ್ದರು. 17 ಮತ್ತು 18ನೇ ಶತಮಾನದ ಕೆಲವು ಪುಟಗಳಲ್ಲಿ ಬೇರೆ ರೀತಿ ಇದೆ. ‘ತಾಯಿ ಇಂಥವನನ್ನು ತಂದೆ ಎಂದು ಹೇಳಿದಳು’ ಅಂತ ಪಾದ್ರಿ ನೇರವಾಗಿ ಬರೆದಿರುತ್ತಾರೆ. ಊರು ಬದಲಾದರೆ, ಪಾದ್ರಿ ಬದಲಾದರೆ ಬರೆಯುವ ಬಗೆಯೂ ಬದಲಾಗುತ್ತದೆ.

ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ‘ಹಾಗಾದರೆ ಇಬ್ಬರೂ ಒಂಟಿಗಳು. ಯಾರ ಸಂಸಾರವನ್ನೂ ಅವಳು ಮುರಿದಿಲ್ಲ’ ಅಂದರು. ಅಷ್ಟು ದಿನದ ಭಾರ ಆ ಒಂದು ಮಾತಿನಲ್ಲಿ ಇಳಿಯಿತು ಅನ್ನಿಸಿತು.

ಮಿನ್ಯು ಸೀಮೆಯ ಇತಿಹಾಸ ಗೊತ್ತಿದ್ದರೆ ಈ ಬೇಸರ ಇನ್ನೂ ಕಡಿಮೆಯಾಗುತ್ತದೆ. ಇಲ್ಲಿಂದ ಗಂಡಸರು ತಂಡತಂಡವಾಗಿ ಬ್ರೆಜಿಲ್‌ಗೆ ಹೋಗುತ್ತಿದ್ದರು. ಹಳ್ಳಿಗಳಲ್ಲಿ ಹೆಂಗಸರೇ ಜಾಸ್ತಿ. ಜಮೀನು ಚಿಕ್ಕದು, ಮದುವೆಗೆ ಬೇಕಾದ ಆಸ್ತಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಹಾಗಾಗಿ ಮದುವೆಯ ಹೊರಗೆ ಮಕ್ಕಳಾಗುವುದು ದೇಶದ ಹಲವು ಭಾಗಗಳಿಗಿಂತ ಇಲ್ಲಿ ಹೆಚ್ಚಾಗಿತ್ತು. ಒಂದು ವರ್ಷದ ದೀಕ್ಷಾಸ್ನಾನದ ಪುಸ್ತಕ ತಿರುವಿದರೆ ಸಾಕು, ‘ನತುರಾಲ್’ ಪದ ಮತ್ತೆ ಮತ್ತೆ ಕಾಣುತ್ತದೆ.

ಮುಂದಿನ ಹೆಜ್ಜೆ 1886ರ ದೀಕ್ಷಾಸ್ನಾನದ ಪುಟ. ಬ್ರಾಗಾ ಜಿಲ್ಲಾ ಆರ್ಕೈವ್ ಮಿನ್ಯು ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಅವರ ಚರ್ಚ್ ಪುಸ್ತಕಗಳ ಚಿತ್ರಗಳನ್ನು ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು. ಫ್ಯಾಮಿಲಿಸರ್ಚ್ ಎಂಬ ವಂಶಾವಳಿಯ ಜಾಲತಾಣದಲ್ಲೂ ಬಹಳಷ್ಟು ಇವೆ. ಬೇಕಾದದ್ದು ಎರಡೇ: ಫ್ರೆಗೆಜಿಯ, ಅಂದರೆ ಚರ್ಚ್ ವ್ಯಾಪ್ತಿಯ ಊರು, ಮತ್ತೆ ಸುಮಾರು ವರ್ಷ. ಒಂದೇ ಹೆಸರಿನ ಫ್ರೆಗೆಜಿಯಗಳು ಎಷ್ಟೋ ಇವೆ. ಅದಕ್ಕೆ ಆ ಚರ್ಚಿನ ಸಂತರ ಹೆಸರನ್ನೂ ತಾಲೂಕಿನ ಹೆಸರನ್ನೂ ಬರೆದಿಟ್ಟುಕೊಳ್ಳಿ.

1860ರಿಂದ ಈಚಿನ ಪುಟಗಳು ಓದಲು ಸುಲಭ. 1859ರ ಸರ್ಕಾರಿ ಆದೇಶದ ನಂತರ ಎಲ್ಲ ಪಾದ್ರಿಗಳೂ ಒಂದೇ ಮಾದರಿಯಲ್ಲಿ ಬರೆಯಬೇಕಾಯಿತು. ಎರಡು ಪ್ರತಿಯನ್ನೂ ಇಡಬೇಕಾಯಿತು. ನಮಗೆ ಬೇಕಾದ ಪುಟದ ಕೆಳಗಿನ ಅರ್ಧಕ್ಕೆ ನೀರು ಬಿದ್ದು ಶಾಯಿ ಹರಡಿಹೋಗಿತ್ತು. ಅತ್ತೆ ಕನ್ನಡಕ ತೆಗೆದು, ಮತ್ತೆ ಹಾಕಿ, ಪರದೆಗೆ ಮುಖ ತಾಗುವಷ್ಟು ಹತ್ತಿರ ಕೂತು ನೋಡಿದರು. ಏನೂ ಕಾಣಲಿಲ್ಲ. ಆರ್ಕೈವ್‌ಗೆ ಪತ್ರ ಬರೆದು ಎರಡನೇ ಪ್ರತಿ ಇದೆಯಾ ಎಂದು ಕೇಳಿದೆವು. ಇತ್ತು. ನಿಮಗೂ ಪುಟ ಹಾಳಾಗಿ ಕಂಡರೆ ಅಲ್ಲಿಗೇ ಬಿಡಬೇಡಿ, ಇನ್ನೊಂದು ಪ್ರತಿ ಕೇಳಿ.

ಪುಟದ ಎಡಗಡೆಯ ಅಂಚಿನಲ್ಲಿ ಒಂದು ಅಂಕಿ, ಕೆಳಗೆ ಮಗುವಿನ ಒಂಟಿ ಹೆಸರು, ಅದರ ಕೆಳಗೆ ಹಳ್ಳಿಯ ಹೆಸರು. ಮನೆತನದ ಹೆಸರು ಇಲ್ಲ. ಆಗ ದೀಕ್ಷಾಸ್ನಾನದಲ್ಲಿ ಬರೀ ಹೆಸರು ಇಡುತ್ತಿದ್ದರು, ಮನೆತನದ ಹೆಸರು ದೊಡ್ಡವರಾದ ಮೇಲೆ ಸೇರುತ್ತಿತ್ತು. ಹೆಂಗಸರು ‘ದ ಜೆಜುಸ್’, ‘ದ ಕೊನ್ಸೈಸಾಂವ್’ ಅಂತ ಭಕ್ತಿಯ ಹೆಸರನ್ನೇ ಸೇರಿಸಿಕೊಳ್ಳುತ್ತಿದ್ದರು. ಹಾಗಾಗಿ ಮನೆತನದ ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ.

ಬಲಗಡೆ ಗಟ್ಟಿ ಬರಹದಲ್ಲಿ: ಇಂಥ ದಿನ, ಇಂಥ ಚರ್ಚಿನಲ್ಲಿ, ನಾನು ಈ ಹೆಣ್ಣು ಮಗುವಿಗೆ ವಿಧಿಪೂರ್ವಕ ದೀಕ್ಷಾಸ್ನಾನ ಕೊಟ್ಟೆ. ಇವಳು ಇಂಥವಳ ‘ಫಿಲ್ಯ ನತುರಾಲ್’. ತಾಯಿ ‘ಸೋಲ್ತೈರ’, ಮದುವೆಯಾಗದವಳು. ಕೆಲಸ ದಿನಗೂಲಿ. ಆಮೇಲೆ ನಾವು ಎದುರು ನೋಡದ ಒಂದು ಪದ: ‘ಇಶ್ಪೋಶ್ತ’. ತಾಯಿಯ ಕಡೆಯ ಅಜ್ಜ-ಅಜ್ಜಿ ‘ಇಂಕೋಗ್ನಿತುಶ್’. ಅಂದರೆ ನಮ್ಮ ಮುತ್ತಜ್ಜಿಯನ್ನೇ ಯಾರೋ ಬಿಟ್ಟು ಹೋಗಿದ್ದರು. ಅವರಿಗೆ ತಮ್ಮ ಅಪ್ಪ ಅಮ್ಮ ಯಾರೆಂದು ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಕಳೆದು ಅವರ ಮಗುವಿನ ಪುಟದಲ್ಲೂ ಆ ಪದ ಜೊತೆಗೆ ಬಂದಿತ್ತು. ಅದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು.

ಆಗ ಊರೂರಲ್ಲಿ ‘ರೋದ’ ಇತ್ತು. ಗೋಡೆಯೊಳಗೆ ಕೂರಿಸಿದ, ತಿರುಗುವ ಮರದ ಡಬ್ಬ. ಹೊರಗಿನಿಂದ ಮಗುವನ್ನು ಅದರಲ್ಲಿ ಮಲಗಿಸಿ, ತಿರುಗಿಸಿ, ಗಂಟೆ ಬಾರಿಸಿ ಹೋಗುತ್ತಿದ್ದರು. ಒಳಗಿನವರಿಗೆ ಬಿಟ್ಟವರ ಮುಖ ಕಾಣುತ್ತಿರಲಿಲ್ಲ. 1783ರಲ್ಲಿ ಪೀನ ಮನೀಕ್ ಎಂಬ ಪೊಲೀಸ್ ಮುಖ್ಯಾಧಿಕಾರಿ ಎಲ್ಲ ಪಟ್ಟಣಗಳಲ್ಲೂ ರೋದ ಇರಬೇಕೆಂದು ಆದೇಶ ಹೊರಡಿಸಿದ್ದರು. ಹೀಗೆ ಬಿಟ್ಟ ಮಕ್ಕಳನ್ನು ‘ಇಶ್ಪೋಶ್ತು’ ಅಥವಾ ‘ಎಂಜೈತಾದು’ ಅಂತ ಬರೆಯುತ್ತಿದ್ದರು. ಇವರೆಲ್ಲ ಮದುವೆಯ ಹೊರಗೆ ಹುಟ್ಟಿದವರು ಎಂದು ಅಂದುಕೊಳ್ಳಬೇಡಿ. ಹೊಟ್ಟೆಗಿಲ್ಲದ ಗಂಡ ಹೆಂಡತಿಯೂ ಮಕ್ಕಳನ್ನು ಬಿಟ್ಟದ್ದುಂಟು. ಆ ಪದ ಮಗು ಸಿಕ್ಕ ಬಗೆಯನ್ನು ಹೇಳುತ್ತದೆ, ಅಪ್ಪ ಅಮ್ಮನ ಬಗ್ಗೆ ಅಲ್ಲ.

ರೋದ ಪುಸ್ತಕ ಹುಡುಕುವುದು ಜಾಸ್ತಿ ಕಷ್ಟವಾಯಿತು. ಕೆಲವು ಕಡೆ ಮಿಸೆರಿಕೋರ್ಡಿಯ ಎಂಬ ದಾನಸಂಸ್ಥೆಯಲ್ಲಿ ಇವೆ, ಕೆಲವು ಪುರಸಭೆಯ ಆರ್ಕೈವ್‌ನಲ್ಲಿ, ಕೆಲವು ಜಿಲ್ಲೆಯಲ್ಲಿ. ನಾವು ಬರೆದ ಒಂದು ಕಚೇರಿಯಿಂದ ತಿಂಗಳುಗಟ್ಟಲೆ ಉತ್ತರವೇ ಇಲ್ಲ. ಆಮೇಲೆ ‘ನಮ್ಮಲ್ಲಿ ಇಲ್ಲ’ ಅಂತ ಒಂದು ಸಾಲು ಬಂತು. ಎಲ್ಲಿರಬಹುದು ಅಂತ ಹೇಳಲಿಲ್ಲ. ಒಂದೇ ಹೊತ್ತಿಗೆ ಮೂರೂ ಕಡೆ ಬರೆಯಿರಿ, ಒಂದರ ಉತ್ತರಕ್ಕೆ ಕಾಯುತ್ತ ಕೂರಬೇಡಿ.

ಕೊನೆಗೆ ಪುರಸಭೆಯ ಪುಸ್ತಕವೊಂದರಲ್ಲಿ ಸಿಕ್ಕಿತು. 1861, ರಾತ್ರಿ. ‘ಹುಟ್ಟಿ ಕೆಲವೇ ಗಂಟೆಯಾದಂತೆ ಕಾಣುವ ಹೆಣ್ಣು ಮಗು. ಮೈಮೇಲೆ ಹತ್ತಿಯ ಅಂಗಿ, ಹಳೆಯ ಉಣ್ಣೆ ಬಟ್ಟೆ, ಎಡಗೈಗೆ ನೀಲಿ ಪಟ್ಟಿ. ಚೀಟಿ ಏನೂ ಇಲ್ಲ.’ ಮಗುವಿನ ಮೇಲೆ ಇಂಥ ಗುರುತು ಬಿಡುತ್ತಿದ್ದುದು ಮುಂದೆ ಯಾವತ್ತಾದರೂ ಬಂದು ಕರೆದೊಯ್ಯುವ ಆಸೆಯಿಂದ. ಲಿಸ್ಬನ್‌ನ ಮಿಸೆರಿಕೋರ್ಡಿಯದ ಆರ್ಕೈವ್‌ನಲ್ಲಿ ಇಂಥ ಪಟ್ಟಿ, ಅರ್ಧ ಹರಿದ ಕಾರ್ಡು, ಚೀಟಿಗಳ ದೊಡ್ಡ ಸಂಗ್ರಹವೇ ಇದೆ. ನಮ್ಮ ಮುತ್ತಜ್ಜಿಯನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಕೆಳಗಿನ ಸಾಲುಗಳಲ್ಲಿ ಹಾಲೂಡಿಸುವ ದಾದಿಯ ಹೆಸರು, ಅವಳ ಊರು, ತಿಂಗಳು ತಿಂಗಳು ಕೊಟ್ಟ ಹಣ. ಏಳು ವರ್ಷದ ಮೇಲೆ ಲೆಕ್ಕ ಮುಗಿಯುತ್ತದೆ. ಆಮೇಲೆ ಮಗು ದುಡಿದು ತಿನ್ನಬೇಕು.

ಆ ದಾದಿಯ ಊರು ಯಾವುದು ಗೊತ್ತಾ? 1886ರಲ್ಲಿ ಅಜ್ಜಿ ಹುಟ್ಟಿದ ಹಳ್ಳಿಯೇ. ನಾನು ದೀಕ್ಷಾಸ್ನಾನದ ಪುಟಕ್ಕೆ ವಾಪಸ್ ಹೋಗಿ ಗಾಡ್‌ಮದರ್ (ದೀಕ್ಷಾಸ್ನಾನದಲ್ಲಿ ಮಗುವಿನ ಧರ್ಮತಾಯಿಯಾಗಿ ನಿಲ್ಲುವವಳು) ಹೆಸರು ನೋಡಿದೆ. ದಾದಿಯ ಮಗಳು. ಅಂದರೆ ಲೆಕ್ಕ ಮುಗಿದ ಮೇಲೂ ಆ ಮನೆ ಅವಳನ್ನು ಬಿಡಲಿಲ್ಲ. ಮದುವೆಯಿಲ್ಲದೆ ಮಗುವಾದಾಗಲೂ ಚರ್ಚಿಗೆ ಬಂದು ಮಗುವನ್ನು ಕೈಯಲ್ಲಿ ಹಿಡಿದವಳು ಜೊತೆಗೆ ಬೆಳೆದ ಅಕ್ಕ. ಇದನ್ನು ಹೇಳಿದಾಗ ಅತ್ತೆ ಅತ್ತುಬಿಟ್ಟರು. ಗಾಡ್‌ಫಾದರ್, ಗಾಡ್‌ಮದರ್ ಹೆಸರನ್ನು ಸುಮ್ನೆ ದಾಟಿ ಹೋಗಬೇಡಿ. ತಂದೆಯ ಮನೆಯವರು ಹೆಸರು ಹೇಳದೆ ಅಲ್ಲಿ ಬಂದು ನಿಂತಿರುವುದೂ ಉಂಟು. ಕೆಲವು ಪುಟಗಳಲ್ಲಿ ಗಾಡ್‌ಮದರ್ ಜಾಗದಲ್ಲಿ ಮಾತೆ ಮರಿಯಮ್ಮನ ಹೆಸರೇ ಇರುತ್ತದೆ, ಮೂರ್ತಿಯ ಕಿರೀಟವನ್ನು ಯಾರೋ ಒಬ್ಬರು ಮಗುವಿಗೆ ಮುಟ್ಟಿಸಿರುತ್ತಾರೆ. ಅದು ಎಲ್ಲ ಬಗೆಯ ಮಕ್ಕಳಿಗೂ ಇದ್ದ ಪದ್ಧತಿ, ಅದರಿಂದ ಬೇರೆ ಅರ್ಥ ತೆಗೆಯಬೇಡಿ.

ಆದರೆ ಅಜ್ಜಿಯ ಅಪ್ಪ? ದೀಕ್ಷಾಸ್ನಾನದ ಪುಟದ ಅಂಚು ಖಾಲಿ ಇತ್ತು. ಆಮೇಲೆ ಆದ ಬದಲಾವಣೆಗಳನ್ನು, ಅಂದರೆ ತಂದೆ ಒಪ್ಪಿಕೊಂಡದ್ದು, ಸಕ್ರಮವಾದದ್ದು, ಸಾಮಾನ್ಯವಾಗಿ ಅಲ್ಲಿಯೇ ಬರೆಯುತ್ತಾರೆ. ಖಾಲಿ ಅಂಚು ನೋಡಿ ಎಲ್ಲರೂ ಮುಗಿಯಿತು ಅಂದರು. ನನ್ನ ಗಂಡನೂ ಅಂದರು.

ನಾನು 1912ರ ಮದುವೆ ದಾಖಲೆಯನ್ನು ಮತ್ತೆ ತೆಗೆದೆ. ಮುತ್ತಜ್ಜಿ ಕೊನೆಗಾಲದಲ್ಲಿ ಇದ್ದ ಊರು ಬೇರೆಯದು, ಪಕ್ಕದ ಫ್ರೆಗೆಜಿಯ. ದಿನಗೂಲಿ ಹೆಂಗಸು ಅಲ್ಲಿಗೆ ಯಾಕೆ ಹೋದಳು? ಆ ಊರಿನ ಮರಣದ ಪುಸ್ತಕಗಳನ್ನು 1911ರಿಂದ ಹಿಂದಕ್ಕೆ ತಿರುವುತ್ತ ಹೋದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು, ಒಂದೊಂದೇ ಪುಟ. ಸಂಕ್ಷೇಪದ ಅಕ್ಷರಗಳಿಗೆ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ‘ಮನುಎಲ್’ ಅನ್ನುವುದಕ್ಕೆ ಒಂದು ‘ಮ’, ಮೇಲೆ ಚಿಕ್ಕದಾಗಿ ‘ಎಲ್’ ಅಷ್ಟೇ ಇರುತ್ತದೆ. ಗೊತ್ತಿರುವ ಪದಗಳನ್ನು ಅದೇ ಪಾದ್ರಿಯ ಬೇರೆ ಪುಟಗಳಲ್ಲಿ ನೋಡಿ ಅವರ ಕೈಬರಹದ ರೂಢಿ ಮಾಡಿಕೊಳ್ಳಿ, ಅದೇ ಒಳ್ಳೆಯ ಉಪಾಯ.

ಮುತ್ತಜ್ಜಿಯ ಮರಣದ ಪುಟ ಸಿಕ್ಕಿತು. ‘ಇಶ್ಪೋಶ್ತ, ತಂದೆ ತಾಯಿ ಗೊತ್ತಿಲ್ಲ’ ಆದ ಮೇಲೆ, ‘ಇಂಥವನ ವಿಧವೆ’. ವಿಧವೆ! ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿದೆ.

ಮದುವೆಯ ಪುಸ್ತಕದಲ್ಲಿ ಅವರು ಸಿಕ್ಕಿದ್ದು 1893ರಲ್ಲಿ. ಮದುವೆಯ ದಾಖಲೆಯ ಕೊನೆಯ ಸಾಲುಗಳಲ್ಲಿ, ಸಾಕ್ಷಿಗಳ ಹೆಸರಿಗೆ ಮುಂಚೆ, ಪಾದ್ರಿ ಬರೆದಿದ್ದಾರೆ: ಈ ವಧೂವರರು, ಇಂಥ ಫ್ರೆಗೆಜಿಯದಲ್ಲಿ 1886ರ ಇಂಥ ದಿನ ದೀಕ್ಷಾಸ್ನಾನ ಪಡೆದ ಈ ಹೆಸರಿನ ಹುಡುಗಿಯನ್ನು ತಮ್ಮ ಮಗಳು ಎಂದು ಒಪ್ಪಿಕೊಂಡು, ಈ ಮದುವೆಯಿಂದ ಅವಳನ್ನು ಸಕ್ರಮಗೊಳಿಸುತ್ತೇವೆ ಎಂದು ನನ್ನ ಮುಂದೆ ಹೇಳಿದರು.

ಅಜ್ಜಿಗೆ ಆಗ ಏಳು ವರ್ಷ. ಕಾನೂನಿನ ಪ್ರಕಾರ ಆ ದಿನದಿಂದ ಅವಳು ‘ನತುರಾಲ್’ ಅಲ್ಲ. ಆದರೆ ಮದುವೆ ಆದದ್ದು ಪಕ್ಕದ ಊರಿನಲ್ಲಿ. ಆ ಸುದ್ದಿ ಹಳೆಯ ಊರಿನ ಪುಸ್ತಕದ ಅಂಚಿಗೆ ಬಂದೇ ಇಲ್ಲ. 1912ರಲ್ಲಿ ಅಜ್ಜಿಯ ಮದುವೆಗೆ ದೀಕ್ಷಾಸ್ನಾನದ ನಕಲು ತರಿಸಿದಾಗ ಹಳೆಯ ಪದವೇ ಬಂತು. ಅಪ್ಪ ಅಮ್ಮ ಇಬ್ಬರೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು, ಸರಿಪಡಿಸಲು ಯಾರೂ ಇರಲಿಲ್ಲ. ಆ ಪದ 1916ರ ಜನನ ಪತ್ರಕ್ಕೂ ಹೋಯಿತು, ಅಲ್ಲಿಂದ ನಮ್ಮ ಕೈಯಲ್ಲಿದ್ದ ಖಾಲಿ ಸಾಲಿಗೂ ಬಂತು. ಅದಕ್ಕೇ ಒತ್ತಿ ಹೇಳುತ್ತೇನೆ: ಹುಟ್ಟಿನ ಪುಟದಲ್ಲಿ ‘ಇಂಕೋಗ್ನಿತು’ ಅಂತ ಇದ್ದರೆ ಅಲ್ಲಿಗೆ ನಿಲ್ಲಿಸಬೇಡಿ. ತಾಯಿಯ ಹಿಂದೆ ಹೋಗಿ. ಅವಳ ಸಾವಿನ ಪುಟ, ಮದುವೆಯ ಪುಟ, ಅಕ್ಕಪಕ್ಕದ ಊರುಗಳು. ಅವಳ ಬೇರೆ ಮಕ್ಕಳಿದ್ದರೆ ಅವರ ಪುಟಗಳನ್ನೂ ನೋಡಿ. ಮನೆಯಲ್ಲಿ ಯಾರಾದರೂ ಪಾದ್ರಿಯಾಗಿದ್ದರೆ ಬ್ರಾಗಾ ಆರ್ಕೈವ್‌ನ ‘ಇಂಕಿರಿಸಾಂವ್ ದ ಜೆನೆರೆ’ ಕಡತಗಳನ್ನು ಕೇಳಿ. ಪಾದ್ರಿಯಾಗುವವರ ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಬಗ್ಗೆ ಸಾಕ್ಷಿಗಳನ್ನು ಕರೆಸಿ ವಿಚಾರಿಸುತ್ತಿದ್ದ ಕಡತಗಳವು.

ಏಳು ವರ್ಷ ಆತ ಎಲ್ಲಿದ್ದ ಅನ್ನುವುದಕ್ಕೂ ಕಾಗದ ಸಿಕ್ಕಿತು. ಆಗ ಪಾಸ್‌ಪೋರ್ಟ್ ಕೊಡುತ್ತಿದ್ದದ್ದು ಜಿಲ್ಲಾಡಳಿತ. ಆ ಪುಸ್ತಕಗಳು ಈಗ ಜಿಲ್ಲಾ ಆರ್ಕೈವ್‌ಗಳಲ್ಲಿವೆ. ಫೋಟೋ ಇಲ್ಲದ ಕಾಲ, ಅದಕ್ಕೆ ಮನುಷ್ಯನ ಚಹರೆಯನ್ನು ಬರೆದಿಡುತ್ತಿದ್ದರು. 1886ರ ಆರಂಭದಲ್ಲಿ, ಅಜ್ಜಿ ಹುಟ್ಟುವ ಕೆಲವು ತಿಂಗಳ ಮೊದಲು, ಆತ ರಿಯೋ ಡಿ ಜನೈರೋಗೆ ಹೊರಟಿದ್ದ. ಬಡಗಿ. ಉದ್ದ ಮುಖ, ಕಂದು ಕಣ್ಣು, ಹುಬ್ಬಿನ ಹತ್ತಿರ ಸಿಡುಬಿನ ಕಲೆ. ಮುತ್ತಜ್ಜಿ ಬಸುರಿ ಅಂತ ಅವನಿಗೆ ಗೊತ್ತಿತ್ತಾ? ಯಾವ ಕಾಗದವೂ ಅದನ್ನು ಹೇಳುವುದಿಲ್ಲ. ಅತ್ತೆ ಮಾತ್ರ, ‘ಏಳು ವರ್ಷ. ಆದರೂ ತಿರುಗಿ ಬಂದ, ಮದುವೆಯಾದ, ಮಗಳನ್ನು ಮಗಳು ಅಂದ’ ಅಂತ ಎರಡು ಮೂರು ಸಲ ಹೇಳಿದರು.

ಖರ್ಚಿನ ಮಾತು. ಚಿತ್ರಗಳನ್ನು ನೋಡಲು ದುಡ್ಡಿಲ್ಲ. ನೋಂದಣಿ ಕಚೇರಿಯ ಪತ್ರ ಕಾಗದದಲ್ಲಾದರೆ 20 ಯೂರೋ, ಆನ್‌ಲೈನ್ ಆದರೆ 10 ಕೊಟ್ಟೆವು. ಆರ್ಕೈವ್‌ನ ನಕಲುಗಳಿಗೆ ಇನ್ನೊಂದಷ್ಟು. ದುಡ್ಡಿಗಿಂತ ಹೆಚ್ಚು ಹೋಗುವುದು ಸಮಯ. ಬರೀ ತಿಳಿಯಲು ಬೇಕಾದರೆ ಚಿತ್ರವೇ ಸಾಕು, ಮುದ್ರೆ ಹಾಕಿದ ಪತ್ರ ತರಿಸಬೇಡಿ. ಆಸ್ತಿ ಅಥವಾ ಪೌರತ್ವದ ಕೆಲಸ ಇದ್ದರೆ ಮಾತ್ರ ಅದು ಬೇಕು.

ಗೋವಾ ಮೂಲದ ಕ್ರೈಸ್ತ ಕುಟುಂಬಗಳು ನಮ್ಮ ಮಂಗಳೂರು, ಕಾರವಾರದ ಕಡೆ ತುಂಬ ಇವೆ. ಗೋವಾದ ಹಳೆಯ ಚರ್ಚ್ ಪುಸ್ತಕಗಳೂ ಪೋರ್ಚುಗೀಸಿನಲ್ಲೇ ಇವೆ, ಮೇಲೆ ಹೇಳಿದ ಪದಗಳು ಅಲ್ಲೂ ಎದುರಾಗಬಹುದು. ಅಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1914ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚ್ ಪುಸ್ತಕವನ್ನೇ ನೋಡಬೇಕು. ಅಜ್ಜನ ಹೆಸರಿನ ಪಕ್ಕ ‘ಫಿಲ್ಯು ನತುರಾಲ್’ ಕಂಡರೆ ಹೆದರಬೇಡಿ, ಮದುವೆಯ ಪುಸ್ತಕ ತೆರೆಯಿರಿ.

ಸೋದರಮಾವನಿಗೆ ನಾವು ಏನೂ ಹೇಳಿರಲಿಲ್ಲ. ಅತ್ತೆಯೇ 1893ರ ಪುಟದ ನಕಲು ತೆಗೆದುಕೊಂಡು ಅವರ ಮನೆಗೆ ಹೋದರು. ಅವರು ಓದಿದರು, ಪಾಸ್‌ಪೋರ್ಟಿನ ಸಾಲುಗಳನ್ನೂ ಓದಿದರು. ‘ಇದರದ್ದೂ ರೋದದ್ದೂ ಒಂದೊಂದು ನಕಲು ನನಗೆ ಬೇಕು’ ಅಂದರು. ವಂಶಾವಳಿಯಲ್ಲಿ ಮುತ್ತಜ್ಜಿಯ ಅಪ್ಪ ಅಮ್ಮನ ಜಾಗಕ್ಕೆ ಏನು ಬರೆಯೋಣ ಅಂತ ಕೇಳಿದೆ. ಅಕ್ಕ ತಮ್ಮ ಇಬ್ಬರೂ ಮಾತಾಡಿಕೊಂಡು, ಅಲ್ಲಿ ಹಾಲು ಕೊಟ್ಟ ದಾದಿಯ ಹೆಸರನ್ನು, ‘ಸಾಕಿದವರು’ ಅಂತ ಸೇರಿಸಿ ಬರೆಸಿದರು.